ಅಗ್ನಿಬಾಣಕ್ಕೆ ಹಗ್ಗ ಕಟ್ಟಿದ ಬಡಗಿ

ಆಟಿಯ ಕಡಲನ್ನು ಕಂಡವರಿಗೆ ಒಂದು ಸಂಗತಿ ಗೊತ್ತು. ದೋಣಿಗೆ ಅಪಾಯವಿರುವುದು ನಡುಗಡಲಿನಲ್ಲಿ ಮಾತ್ರವಲ್ಲ. ಅಳಿವೆಯ ಬಾಯಲ್ಲಿ, ದಡದವರ ಕಣ್ಣೆದುರಿನಲ್ಲಿಯೂ ಉಂಟು. ಕೂಗಿದರೆ ಕೇಳುವಷ್ಟು ಹತ್ತಿರ, ಕೈ ನೀಡಿದರೆ ಎಟುಕದಷ್ಟು ದೂರ. ಈ ಅಂತರವನ್ನು ದಾಟಿಸಲು ಬಾಳನ್ನೇ ಸವೆಸಿದ ಒಬ್ಬ ಮರಗೆಲಸದವನ ಕಥೆಯನ್ನು ನಾವಿಂದು ವಾಚಕರ ಮುಂದಿಡುತ್ತಿದ್ದೇವೆ.

ಹೆನ್ರಿ ಟ್ರೆಂಗ್ರೌಸ್ ಹುಟ್ಟಿದ್ದು 1772ರಲ್ಲಿ, ಇಂಗ್ಲೆಂಡಿನ ಕಾರ್ನ್‌ವಾಲ್ ಪ್ರಾಂತದ ಹೆಲ್‌ಸ್ಟನ್ ಪಟ್ಟಣದಲ್ಲಿ. ಪೆಟ್ಟಿಗೆ, ಕಪಾಟುಗಳನ್ನು ಮಾಡುವುದು ಆತನ ಕಸುಬು. 1807ರ ಡಿಸೆಂಬರ್ ಕೊನೆಯಲ್ಲಿ ‘ಆನ್ಸನ್’ ಎಂಬ ಯುದ್ಧನೌಕೆಯು ಬಿರುಗಾಳಿಗೆ ಸಿಕ್ಕಿ ಸಮೀಪದ ಲೋ ಬಾರ್ ಮರಳದಂಡೆಗೆ ಅಪ್ಪಳಿಸಿತು. ಮುರಿದ ಕೂವೆಮರವು ದಡದ ಕಡೆಗೆ ಬಿದ್ದುದರಿಂದ ಅದನ್ನು ಹಿಡಿದು ಕೆಲವರು ಪಾರಾದರು. ಕಪ್ತಾನ ಲಿಡಿಯಾರ್ಡನೂ ಅನೇಕ ನಾವಿಕರೂ ದಡದಲ್ಲಿ ನೆರೆದ ಜನರ ಕಣ್ಣೆದುರೇ ಮುಳುಗಿಹೋದರು. ಆ ಜನರಲ್ಲಿ ಟ್ರೆಂಗ್ರೌಸನೂ ಒಬ್ಬನಾಗಿದ್ದನು.

ಒಂದು ಹಗ್ಗ ಸಿಕ್ಕಿದ್ದರೆ ಎಷ್ಟು ಜೀವ ಉಳಿಯುತ್ತಿತ್ತು! ಈ ಚಿಂತೆ ಆತನನ್ನು ಬಿಡಲಿಲ್ಲ. ಊರಿನಲ್ಲಿ ಅರಸನ ಹುಟ್ಟುಹಬ್ಬಕ್ಕೆ ಸುಟ್ಟ ಬಾಣಬಿರುಸುಗಳನ್ನು ನೋಡಿ ಉಪಾಯ ಹೊಳೆಯಿತಂತೆ. ಮೈಸೂರಿನ ಅಗ್ನಿಬಾಣಗಳಿಂದ ಪಾಠ ಕಲಿತ ಕಾಂಗ್ರೀವ್ ಕೊಲ್ಲುವ ರಾಕೆಟ್ಟುಗಳನ್ನು ರೂಪಿಸುತ್ತಿದ್ದ ಕಾಲವದು. ಈ ಬಡಗಿಯಾದರೋ ಬಾಣದ ಕೋಲಿಗೆ ಹಗ್ಗ ಕಟ್ಟಿದನು.

ಕೋವಿಯ ಮೂತಿಗೆ ಸಿಕ್ಕಿಸಿದ ನಳಿಗೆಯಿಂದ ರಾಕೆಟ್ ಹಾರುತ್ತದೆ. ಅದರ ಹಿಂದೆ ತೆಳುವಾದ ಹಗ್ಗ ಸಾಗುತ್ತದೆ. ಅದರ ಆಧಾರದಿಂದ ದಪ್ಪ ಹಗ್ಗವನ್ನೆಳೆದು ಬಿಗಿದು, ತೂಗುಕುರ್ಚಿಯಲ್ಲಿ ಒಬ್ಬೊಬ್ಬರನ್ನೇ ದಡ ಸೇರಿಸಬಹುದು. ಅದೇ ಕಾಲಕ್ಕೆ ಮ್ಯಾನ್‌ಬಿ ಎಂಬವನು ದಡದಿಂದ ಫಿರಂಗಿಯ ಮೂಲಕ ಹಗ್ಗವೆಸೆಯುವ ಕ್ರಮವನ್ನು ಕಂಡುಹಿಡಿದಿದ್ದನು. ಆದರೆ ಟ್ರೆಂಗ್ರೌಸನ ಸಾಧನ ಹಗುರ. ಹಡಗಿನಲ್ಲೇ ಒಂದು ಪೆಟ್ಟಿಗೆಯಲ್ಲಿಡಬಹುದು. ಹಡಗನ್ನು ದಡಕ್ಕೆ ತಳ್ಳುವ ಗಾಳಿಯೇ ಬಾಣವನ್ನೂ ದಡಕ್ಕೊಯ್ಯುತ್ತದೆ. ರಾಕೆಟ್ ಮೆಲ್ಲನೆ ವೇಗ ಪಡೆಯುವುದರಿಂದ ಹಗ್ಗ ತುಂಡಾಗುವ ಭಯವೂ ಕಡಿಮೆ.

ಆತನು ವರ್ಷಗಟ್ಟಲೆ ಅಧಿಕಾರಿಗಳ ಬಾಗಿಲು ತಟ್ಟಿದನು. 1818ರಲ್ಲಿ ನೌಕಾಧಿಕಾರಿಗಳ ಸಮಿತಿಯು ಸಾಧನವನ್ನು ಪರೀಕ್ಷಿಸಿ ಮೆಚ್ಚಿತು. ಸರಕಾರವು ಮೊದಲು 20 ಸಾಧನಗಳನ್ನು ಬೇಕೆಂದಿತು. ಮತ್ತೆ ತಾನೇ ಮಾಡಿಸಿಕೊಳ್ಳುವೆನೆಂದು ಹೇಳಿ 50 ಪೌಂಡು ಪರಿಹಾರ ಕೊಟ್ಟು ಕೈತೊಳೆದುಕೊಂಡಿತು. ಆತನು ಸ್ವಂತದಿಂದ ಕಳೆದದ್ದು ಸುಮಾರು 3,000 ಪೌಂಡು! ಕಲಾಸಂಘವೊಂದು ಬೆಳ್ಳಿಯ ಪದಕವನ್ನೂ 30 ಗಿನಿಗಳನ್ನೂ ನೀಡಿತು. ರಷ್ಯದ ಚಕ್ರವರ್ತಿ ಒಂದನೆಯ ಅಲೆಕ್ಸಾಂಡರನು ವಜ್ರದುಂಗುರ ಕಳುಹಿಸಿದನು. ಬಡತನ ಅದನ್ನೂ ಅಡವಿಡಿಸಿತು. 1854ರಲ್ಲಿ ಹುಟ್ಟೂರಿನಲ್ಲೇ ಆತನು ಕಣ್ಮುಚ್ಚಿದನು.

ಮುಂದೆ ಅನೇಕರ ಕೈಯಲ್ಲಿ ಸುಧಾರಿಸಿದ ರಾಕೆಟ್ ಹಗ್ಗವು ಬ್ರಿಟನ್ನಿನ ಕರಾವಳಿಯಲ್ಲಿ ಸಾವಿರಾರು ಜೀವಗಳನ್ನು ಉಳಿಸಿತು. ಪಾರಾದವರಲ್ಲಿ ಎಷ್ಟು ಮಂದಿಗೆ ಈ ಬಡಗಿಯ ಹೆಸರು ಗೊತ್ತಿತ್ತೋ! ಮುಳುಗುವವನನ್ನು ಕಂಡು ಮರುಗುವವರು ಎಲ್ಲ ದಡಗಳಲ್ಲಿಯೂ ಇದ್ದಾರೆ. ಮರುಗಿ ಮನೆಗೆ ಹೋದವನು ಮರುದಿನ ಉಳಿ ಹಿಡಿದು ಕುಳಿತುಕೊಳ್ಳುವುದು ಅಪೂರ್ವ. ಅಂಥವನೊಬ್ಬ ಸಿಕ್ಕಿದಾಗ ಕೈಹಿಡಿಯುವ ಬುದ್ಧಿ ಆಳುವವರಿಗೂ ಊರವರಿಗೂ ಇರಲೆಂಬುದೇ ನಮ್ಮ ಹಾರೈಕೆ.