ಮೈಕಿನವರ ಚೀಲ

ರಾಜ್ಯೋತ್ಸವವಿರಲಿ, ಪುಸ್ತಕ ಬಿಡುಗಡೆಯಿರಲಿ, ಆರತಕ್ಷತೆಯಿರಲಿ, ನಿರೂಪಕರು ಒಮ್ಮೆಯಾದರೂ ಹೇಳುವ ಮಾತೊಂದಿದೆ: ‘ಮೈಕಿನವರು ದಯವಿಟ್ಟು ಇತ್ತ ಗಮನ ಕೊಡಬೇಕು.’ ಏನಾದರೂ ಕೆಟ್ಟಾಗ ಮಾತ್ರ ಸಭೆಗೆ ಅವರ ನೆನಪು. ವಂದನಾರ್ಪಣೆ ಮಾಡುವವರು ಹಾರ ತಂದವರನ್ನೂ ಊಟ ಬಡಿಸಿದವರನ್ನೂ ಹೆಸರು ಹೇಳಿ ಸ್ಮರಿಸಿ, ‘ಧ್ವನಿ ಮತ್ತು ಬೆಳಕು’ ಎಂಬಲ್ಲಿಗೆ ಬರುವಷ್ಟರಲ್ಲಿ ಜನ ಕುರ್ಚಿ ಬಿಟ್ಟು ಎದ್ದಿರುತ್ತಾರೆ.

ಹಿಂದೆ ಊರಿನ ಮೈಕ್‌ಸೆಟ್ಟಿಗೆ ಒಬ್ಬರೇ ಯಜಮಾನರು. ಅಹುಜಾ ಆಂಪ್ಲಿಫೈಯರ್, ಮರಕ್ಕೆ ಕಟ್ಟುವ ಹಾರ್ನು, ವೈರಿನ ಸುರುಳಿ ಎಲ್ಲವೂ ಅವರದೇ, ರಿಪೇರಿಯೂ ಅವರದೇ. ಈಗ ಸ್ಪೀಕರು, ಮಿಕ್ಸರು ಬಾಡಿಗೆ ಕಂಪನಿಯವು, ಸಭಾಂಗಣ ಇನ್ನೊಬ್ಬರದು, ಲ್ಯಾಪ್‌ಟಾಪು ಭಾಷಣಕಾರರದು. ಇವನ್ನೆಲ್ಲ ಒಂದಕ್ಕೊಂದು ಜೋಡಿಸಿ, ಕಾರ್ಯಕ್ರಮ ಮುಗಿಯುವವರೆಗೆ ಕಾಯುವವರು ದಿನಗೂಲಿಯ ಮೇಲೆ ಬರುವ ಫ್ರೀಲಾನ್ಸ್ ತಂತ್ರಜ್ಞರು. ಇವತ್ತು ಬೆಂಗಳೂರಿನ ಹೋಟೆಲಿನಲ್ಲಿ ಕಂಪನಿಯೊಂದರ ಸಮಾವೇಶ, ನಾಳೆ ರಂಗಶಂಕರದಲ್ಲಿ ನಾಟಕ, ನಾಡಿದ್ದು ತುಮಕೂರಿನಲ್ಲಿ ಮದುವೆ. ಅವರ ಸ್ವಂತದ್ದು ಎಂದರೆ ಬೈಕಿನ ಹಿಂದೆ ಕಟ್ಟಿಕೊಂಡು ಬಂದ ಚೀಲ ಮಾತ್ರ. ಅದರಲ್ಲೇನಿದೆ ಎಂದು ನೋಡಿದರೆ ಕೆಲಸಗಾರರ ತೂಕ ತಿಳಿಯುತ್ತದೆ.

ಒಳ್ಳೆಯ ಚೀಲದಲ್ಲಿ ಮೊದಲು ಕೈಗೆ ಸಿಗಬೇಕಾದ್ದು ಮೈಕಲ್ಲ, ಮಲ್ಟಿಮೀಟರು. ನಮ್ಮ ಮನೆಗಳ ಕರೆಂಟು 230 ವೋಲ್ಟ್, ಆದರೆ ಕಲ್ಯಾಣ ಮಂಟಪದ ಹಿತ್ತಲಲ್ಲಿ ಗುಡುಗುಡು ಎನ್ನುವ ಜನರೇಟರು ಅದನ್ನೇ ಕೊಡುತ್ತಿದೆ ಎಂಬ ಖಾತರಿಯಿಲ್ಲ. ಮೂರು ಫೇಸಿನ ಸಂಪರ್ಕದಲ್ಲಿ ನ್ಯೂಟ್ರಲ್ ವೈರು ಸಡಿಲವಾದರೆ ಒಂದೊಂದು ಫೇಸಿನಲ್ಲಿ ವೋಲ್ಟೇಜು 300 ದಾಟಿ ಏರಬಹುದು. ಆಮೇಲೆ ಮಿಕ್ಸರಿನಿಂದ ಬರುವುದು ಧ್ವನಿಯಲ್ಲ, ಹೊಗೆ. ಜೇಬಿನಲ್ಲಿ ಸಿಕ್ಕಿಸಿಕೊಳ್ಳುವ ಟೆಸ್ಟರಿಗೆ ಈ ವ್ಯತ್ಯಾಸ ತಿಳಿಯದು, 230ಕ್ಕೂ 400ಕ್ಕೂ ಅದು ಒಂದೇ ಥರ ಉರಿಯುತ್ತದೆ. ಹಾಗಾಗಿ ಯಾವ ಪ್ಲಗ್ಗನ್ನು ಚುಚ್ಚುವ ಮೊದಲೂ ಮೀಟರಿನಲ್ಲಿ ಅಳೆಯಬೇಕು. ಜೊತೆಗೆ 6 ಆಂಪ್ ಪಿನ್ನಿಗೂ 16 ಆಂಪ್ ಸಾಕೆಟ್ಟಿಗೂ ಹೊಂದುವ ಕನ್ವರ್ಟರು, ದಪ್ಪ ವೈರಿನ ಎಕ್ಸ್‌ಟೆನ್ಷನ್ ಬೋರ್ಡು.

ಕರೆಂಟಿನ ಮಾತು ಬಂದಾಗ ಕೆಟ್ಟ ಅಭ್ಯಾಸವೊಂದನ್ನು ಹೇಳಲೇಬೇಕು. ಸ್ಪೀಕರಿನಲ್ಲಿ ‘ಮ್...’ ಎಂಬ ಹಮ್ಮಿಂಗ್ ಬಂತೆಂದರೆ ಪ್ಲಗ್ಗಿನ ಅರ್ಥ್ ಪಿನ್ನನ್ನೇ ಕಿತ್ತುಹಾಕುವವರಿದ್ದಾರೆ. ಸದ್ದು ನಿಲ್ಲುತ್ತದೆ, ನಿಜ. ಆದರೆ ಒಳಗೆಲ್ಲೋ ವೈರು ಕವಚಕ್ಕೆ ತಾಗಿದರೆ ಆ ಕರೆಂಟು ಹೋಗಲು ಉಳಿಯುವ ದಾರಿ ಮೈಕು ಹಿಡಿದ ಗಾಯಕರ ದೇಹ. ಹಮ್ಮಿಂಗ್‌ಗೆ ಬಹುಪಾಲು ಕಾರಣ, ಎರಡು ಉಪಕರಣಗಳು ಬೇರೆಬೇರೆ ಕಡೆ ಅರ್ಥ್ ಆಗಿ ನಡುವೆ 50 ಹರ್ಟ್ಸ್‌ನ ಕಂಪನ ಸೇರಿಕೊಳ್ಳುವುದು. ಲ್ಯಾಪ್‌ಟಾಪಿನ ಚಾರ್ಜರ್ ತೆಗೆದು ನೋಡಿ, ಎಷ್ಟೋ ಸಲ ಅಷ್ಟಕ್ಕೇ ನಿಲ್ಲುತ್ತದೆ. ನಿಲ್ಲದಿದ್ದರೆ ‘ಡಿಐ ಬಾಕ್ಸ್’ ಎಂಬ ಅಂಗೈಯಗಲದ ಡಬ್ಬಿ ಬೇಕು. ಒಳಗೊಂದು ಟ್ರಾನ್ಸ್‌ಫಾರ್ಮರ್, ಹೊರಗೆ ‘ಗ್ರೌಂಡ್ ಲಿಫ್ಟ್’ ಎಂಬ ಸ್ವಿಚ್ಚು. ಅದು ಬಿಡಿಸುವುದು ಸಿಗ್ನಲ್ಲಿನ ಅರ್ಥನ್ನು ಮಾತ್ರ, ಜೀವ ಕಾಯುವ ಅರ್ಥ್ ಇದ್ದಲ್ಲೇ ಇರುತ್ತದೆ. ಕೀಬೋರ್ಡು, ಗಿಟಾರು, ಲ್ಯಾಪ್‌ಟಾಪು ಮೂರಕ್ಕೂ ಒದಗುವ ಇಂಥ ಎರಡು ಡಬ್ಬಿ ಇಲ್ಲದ ಚೀಲ ನನ್ನ ಲೆಕ್ಕದಲ್ಲಿ ಖಾಲಿ ಚೀಲ.

ಇನ್ನು ಪಿನ್ನುಗಳು. ಮೈಕಿನ ವೈರಿನ ತುದಿಗಿರುವ ಮೂರು ಕಡ್ಡಿಯ ‘ಕ್ಯಾನನ್’ ಪಿನ್ನಿನ ಜಾಣತನ ದೊಡ್ಡದು. ಒಂದು ಕಡ್ಡಿ ಗ್ರೌಂಡು. ಉಳಿದೆರಡು ಒಂದೇ ಧ್ವನಿಯನ್ನು ಒಂದಕ್ಕೊಂದು ತಿರುಗುಮುರುಗಾಗಿ ಒಯ್ಯುತ್ತವೆ. ದಾರಿಯಲ್ಲಿ ಸೇರಿಕೊಂಡ ಗದ್ದಲ ಎರಡರಲ್ಲೂ ಒಂದೇ ಥರ ಇರುವುದರಿಂದ, ಮಿಕ್ಸರಿನಲ್ಲಿ ಒಂದರಿಂದ ಇನ್ನೊಂದನ್ನು ಕಳೆದಾಗ ಗದ್ದಲ ಸೊನ್ನೆ, ಧ್ವನಿ ಇಮ್ಮಡಿ. ಹಾಗಾಗಿಯೇ ಮೈಕಿನ ವೈರು 50 ಮೀಟರು ಓಡಿದರೂ ಹಾಡು ಶುದ್ಧವಾಗಿರುತ್ತದೆ. ಗಿಟಾರಿನ ಪಿ-38 ಜ್ಯಾಕು 19ನೇ ಶತಮಾನದ ಟೆಲಿಫೋನ್ ಎಕ್ಸ್‌ಚೇಂಜುಗಳ ಕೊಡುಗೆ, ಇಂದಿಗೂ ಅದಕ್ಕೆ ನಿವೃತ್ತಿಯಿಲ್ಲ. ಇವೆರಡು, ಫೋನಿನ 3.5 ಮಿಲಿಮೀಟರಿನ ಇಪಿ, ಹಳೆಯ ಆರ್‌ಸಿಎ, ಇವನ್ನೆಲ್ಲ ಒಂದಕ್ಕೊಂದು ಬೆಸೆಯುವ ಜೋಡುಗಳು ಜಿಪ್ ಚೀಲಗಳಲ್ಲಿ ಬೇರೆಬೇರೆ ಇರಬೇಕು. ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇವೆಲ್ಲ ಸಿಗುತ್ತವೆ. ತೀರಾ ಅಗ್ಗದ ಪಿನ್ನು ಮಾತ್ರ ಬೇಡ, ಅದು ಕೈಕೊಡುವುದು ಮುಖ್ಯ ಅತಿಥಿಗಳು ಎದ್ದು ನಿಂತಾಗಲೇ. ಜೊತೆಗೊಂದು 25 ವ್ಯಾಟಿನ ಸೋಲ್ಡರಿಂಗ್ ಕಡ್ಡಿ, ಸೀಸ. ಬೆಸುಗೆ ಕಲಿಯದ ಸೌಂಡ್ ತಂತ್ರಜ್ಞರನ್ನು ನಾನು ಅರ್ಧ ತಂತ್ರಜ್ಞರೆಂದೇ ಎಣಿಸುತ್ತೇನೆ.

ಚಿತ್ರದ ಕಡೆಯ ಕಷ್ಟ ಬೇರೆ. ಎಚ್‌ಡಿಎಂಐ ಕೇಬಲ್ಲಿಗೆ ಕೊಂಡಿಯಿಲ್ಲ, ಎಡವಿದರೆ ಕಳಚುತ್ತದೆ. ಸಾಧಾರಣ ಕೇಬಲ್ 10–15 ಮೀಟರಿನ ಆಚೆ ನಂಬಿಕೆಗೆ ಅರ್ಹವಲ್ಲ. ದೂರದ ಪ್ರೊಜೆಕ್ಟರಿಗೆ ಎಸ್‌ಡಿಐ ಕೇಬಲ್ ಒಳ್ಳೆಯದು, ತಿರುಗಿಸಿ ಬಿಗಿಸುವ ಬಿಎನ್‌ಸಿ ಪಿನ್ನು ಜಗ್ಗಿದರೂ ಜಾರದು. ಒಂದರಿಂದ ಇನ್ನೊಂದಕ್ಕೆ ಬದಲಿಸುವ ಜೇಬಿನಳತೆಯ ಕನ್ವರ್ಟರು, ಯುಎಸ್‌ಬಿ-ಸಿ ಮತ್ತು ವಿಜಿಎ ಅಡಾಪ್ಟರುಗಳು ಜೊತೆಗಿರಲಿ.

ನಮ್ಮ ನಾಡಿನಲ್ಲಷ್ಟೇ ಬೇಕಾಗುವ ಸಾಧನವೊಂದಿದೆ: ನುಡಿ, ಬರಹ ಫಾಂಟುಗಳಿರುವ ಪೆನ್‌ಡ್ರೈವ್. ಯೂನಿಕೋಡ್ ಅಲ್ಲದ ಹಳೆಯ ಅಕ್ಷರಗಳಲ್ಲಿ ಮಾಡಿದ ಸ್ಲೈಡು ಬೇರೆ ಕಂಪ್ಯೂಟರಿನಲ್ಲಿ ತೆರೆದುಕೊಂಡರೆ ಪ್ರಾಧ್ಯಾಪಕರ ಇಡೀ ಉಪನ್ಯಾಸ ರೋಮನ್ ಅಕ್ಷರಗಳ ಚಿಲ್ಲರೆಯಾಗಿ ಕಾಣುತ್ತದೆ. ಫಾಂಟು ಹಾಕಿದರೆ ಅರೆಕ್ಷಣದಲ್ಲಿ ಕನ್ನಡ. ಅದೇ ಪೆನ್‌ಡ್ರೈವ್‌ನಲ್ಲಿ ನಾಡಗೀತೆಯೂ ರಾಷ್ಟ್ರಗೀತೆಯೂ ಇರಲಿ. ರಾಷ್ಟ್ರಗೀತೆ 52 ಸೆಕೆಂಡು. ನಾಡಗೀತೆಗೆ ಮೈಸೂರು ಅನಂತಸ್ವಾಮಿಯವರ ಧಾಟಿಯನ್ನೂ 2 ನಿಮಿಷ 30 ಸೆಕೆಂಡಿನ ಅವಧಿಯನ್ನೂ ಸರ್ಕಾರ 2022ರಲ್ಲಿ ಗೊತ್ತುಮಾಡಿದೆ. ಹಾಡುವ ಮಕ್ಕಳು ಬಾರದ ದಿನ ಸಂಘಟಕರು ಓಡಿಬರುವುದು ಮೈಕಿನವರ ಹತ್ತಿರವೇ.

ಕಾಲರ್ ಮೈಕಿಗಂತೂ ಒಂದು ಪುಟ್ಟ ಔಷಧಿ ಅಂಗಡಿಯೇ ಬೇಕು. ನಟರ ಕೆನ್ನೆಗೆ ಮೈಕಿನ ತಂತಿ ಅಂಟಿಸಲು ಗಾಯದ ಬ್ಯಾಂಡೇಜಿನ ಮೈಕ್ರೋಪೋರ್ ಟೇಪು. ಸೊಂಟದ ಟ್ರಾನ್ಸ್‌ಮಿಟರಿಗೆ ಬೆವರಿಳಿಯದಂತೆ ತೊಡಿಸಲು ಕಾಂಡೋಮು. ರಂಗಭೂಮಿಯ ಧ್ವನಿ ತಂತ್ರಜ್ಞರ ನಡುವೆ ಇದು ಹಳೆಯ ಉಪಾಯ, ಪ್ಯಾಕೆಟ್ಟುಗಟ್ಟಲೆ ಕೇಳಿದರೆ ಅಂಗಡಿಯವರು ಮುಖ ನೋಡುತ್ತಾರೆ, ಅಷ್ಟೇ. ಕಾಲರ್ ಮೈಕು ಹುಟ್ಟಿದ್ದೇ ಕೋಟಿಗೆ, ರೇಷ್ಮೆ ಸೀರೆಯ ಸೆರಗು ತಾಗಿದರೆ ಸರಬರ ಸದ್ದು. ಅದನ್ನು ಎಲ್ಲಿ ಸಿಕ್ಕಿಸಬೇಕೆಂದು ಭಾಷಣಕಾರ್ತಿಯನ್ನೇ ಕೇಳಿ ಸಿಕ್ಕಿಸಿಕೊಳ್ಳಲು ಬಿಡುವುದು ಮರ್ಯಾದೆ. ಬ್ಯಾಟರಿ ಪ್ರತಿ ಕಾರ್ಯಕ್ರಮಕ್ಕೂ ಹೊಸದು. ಅರ್ಧ ಮುಗಿದದ್ದು ಮನೆಯ ಗೋಡೆ ಗಡಿಯಾರಕ್ಕೆ.

ಟೇಪಿನಲ್ಲಿ ಜಿಪುಣತನ ಸಲ್ಲ. ನೆಲದ ಮೇಲಿನ ವೈರನ್ನು ಕಂದು ಪ್ಯಾಕಿಂಗ್ ಟೇಪಿನಿಂದ ಅಂಟಿಸಿದರೆ ಕಿತ್ತಾಗ ಗೋಂದು ಉಳಿಯುತ್ತದೆ, ಮರುದಿನ ಅಲ್ಲಿ ಭರತನಾಟ್ಯ ಮಾಡುವ ಹುಡುಗಿಯ ಅಂಗಾಲಿಗೆ ಅಂಟುತ್ತದೆ. ಗ್ಯಾಫರ್ ಟೇಪು ಬಟ್ಟೆಯದು, ಕೈಯಲ್ಲೇ ಹರಿಯುತ್ತದೆ, ಹೊಳೆಯುವುದಿಲ್ಲ, ಕಲೆ ಬಿಡುವುದಿಲ್ಲ. ದುಬಾರಿ ಹೌದು, ಕೊಳ್ಳಿ. ಮಿಕ್ಸರಿನ ಮೇಲೆ ‘ಭಾಗವತರು’, ‘ಮದ್ದಳೆ’, ‘ಚೆಂಡೆ’ ಎಂದು ಬರೆದಂಟಿಸಲು ಬಿಳಿ ಟೇಪೂ ಮಾರ್ಕರ್ ಪೆನ್ನೂ ಇರಲಿ. (ಚಿಕ್ಕ ಸಭಾಂಗಣದಲ್ಲಿ ಚೆಂಡೆಗೆ ಮೈಕು ಏಕೆ ಎಂಬ ಪ್ರಶ್ನೆಗೆ ನನಗಿನ್ನೂ ಸರಿಯಾದ ಉತ್ತರ ಸಿಕ್ಕಿಲ್ಲ.)

ಹೆಚ್ಚಿನವರು ಮರೆಯುವುದು ಸ್ವಂತ ದೇಹವನ್ನು. ಸುತ್ತಲೂ ಮುಚ್ಚಿದ ಶೂಸು, ಕೈಗವಸು, ಹಣೆಗೆ ಕಟ್ಟುವ ಟಾರ್ಚು, ಎಲ್ಲಕ್ಕಿಂತ ಮುಖ್ಯವಾಗಿ ಕಿವಿಗೆ ಇಯರ್‌ಪ್ಲಗ್ಗು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ 8 ಗಂಟೆ ಇರಬಹುದೆಂಬುದು ತಜ್ಞರು ಹಾಕಿದ ಗೆರೆ. ಮೇಲೆ ಪ್ರತಿ 3 ಡೆಸಿಬೆಲ್ಲಿಗೂ ಆ ಹೊತ್ತು ಅರ್ಧವಾಗುತ್ತದೆ. 100 ಡೆಸಿಬೆಲ್ಲಿಗೆ ಉಳಿಯುವುದು 15 ನಿಮಿಷ. ಡಿಜೆ ಸ್ಪೀಕರಿನ ಪಕ್ಕದಲ್ಲಿ ರಾತ್ರಿಗಟ್ಟಲೆ ನಿಲ್ಲುವ ಹುಡುಗರು ಈ ಲೆಕ್ಕ ಕೇಳಿದ್ದಾರೆಯೇ? ಸದ್ದು ಅಳೆಯುವ ಮೀಟರು ಕೈಲಿದ್ದರೆ ಇನ್ನೊಂದು ಉಪಯೋಗವೂ ಉಂಟು. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ, ವಸತಿ ಪ್ರದೇಶದ ಹಗಲಿನ ಮಿತಿ 55 ಡೆಸಿಬೆಲ್. ‘ಇನ್ನೂ ಸ್ವಲ್ಪ ಜಾಸ್ತಿ ಮಾಡ್ರೀ’ ಎನ್ನುವವರಿಗೆ ತೋರಿಸಲು ಒಂದು ಅಂಕಿ ಸಿಗುತ್ತದೆ.

ಕಾರ್ಯಕ್ರಮ ಏರ್ಪಡಿಸುವವರಲ್ಲಿ ಒಂದು ಕೇಳಿಕೆ. ಸಭಾಂಗಣದ ಬೀಗವನ್ನು ಎರಡು ಗಂಟೆ ಮೊದಲೇ ತೆಗೆಸಿಕೊಡಿ, ಅರ್ಥಿಂಗ್ ಸರಿಯಿರುವ ಸಾಕೆಟ್ಟು ಎಲ್ಲಿದೆಯೆಂದು ತೋರಿಸಿ, ಭಾಷಣಕಾರರ ಸ್ಲೈಡುಗಳನ್ನು ಹಿಂದಿನ ದಿನವೇ ಕಳಿಸಿ. ಊಟದ ಎಲೆ ಹಾಕಿದಾಗ ಮಿಕ್ಸರಿನ ಹಿಂದೆ ಕೂತವರನ್ನೂ ಕರೆಯಿರಿ.