ಗಾಜಿನ ಕಡಲಿನಲ್ಲಿ ಪಾಚಿ ಮೇಯುವ ಜೀವಿಗಳು

ಗಾಜಿನ ತೊಟ್ಟಿಯಲ್ಲಿ ಉಪ್ಪುನೀರನ್ನು ತುಂಬಿ, ಕಡಲಿನ ಮೀನುಗಳನ್ನು ಮನೆಯೊಳಗೆ ಸಾಕುವ ಹವ್ಯಾಸ ಇಂದು ಅನೇಕರಿಗುಂಟು. ತೊಟ್ಟಿಗೆ ಬೆಳಕು ಬಿದ್ದ ಕೆಲವು ವಾರಗಳಲ್ಲಿಯೇ ಗಾಜಿನ ಮೇಲೂ ಕಲ್ಲುಗಳ ಮೇಲೂ ಪಾಚಿ ಹಬ್ಬತೊಡಗುತ್ತದೆ. ಅದನ್ನು ತಿನ್ನಿಸುವ ಸಲುವಾಗಿ ಕಡಲಿನ ಬಸವನಹುಳು, ಸನ್ಯಾಸಿ ಏಡಿ, ಮೈಯೆಲ್ಲ ಮುಳ್ಳಾಗಿರುವ ಸೀ ಅರ್ಚಿನ್ ಮೊದಲಾದ ಬೆನ್ನೆಲುಬಿಲ್ಲದ ಜೀವಿಗಳನ್ನು ತಂದು ಬಿಡುವುದು ವಾಡಿಕೆ. ಆದರೆ ಹೀಗೆ ತಂದ ಜೀವಿಗಳಲ್ಲಿ ಎಷ್ಟೋ ಕೆಲವೇ ತಿಂಗಳುಗಳಲ್ಲಿ ಸದ್ದಿಲ್ಲದೆ ಸಾಯುತ್ತವೆ. ಅವುಗಳನ್ನು ತೊಟ್ಟಿ ತೊಳೆಯುವ ಉಪಕರಣಗಳೆಂದು ಭಾವಿಸುವುದೇ ಇದಕ್ಕೆ ಮುಖ್ಯ ಕಾರಣ.

ಈ ಉಪಾಯ ಹೊಸದೇನೂ ಅಲ್ಲ. ಲಂಡನ್ನಿನ ರಸಾಯನಶಾಸ್ತ್ರಜ್ಞ ರಾಬರ್ಟ್ ವಾರಿಂಗ್ಟನ್ನನು ಸಿಹಿನೀರಿನ ತೊಟ್ಟಿಯಲ್ಲಿ ಮೀನು, ಜಲಸಸ್ಯ ಮತ್ತು ಬಸವನಹುಳುಗಳು ಒಂದನ್ನೊಂದು ಅವಲಂಬಿಸಿ ಬಾಳುವುದನ್ನು 1850ರಲ್ಲಿ ವರ್ಣಿಸಿದನು. ಕೊಳೆತ ಎಲೆಗಳನ್ನು ತಿಂದು ನೀರನ್ನು ತಿಳಿಯಾಗಿಡುವುದು ಅಲ್ಲಿ ಹುಳುಗಳ ಪಾಲಿನ ಕೆಲಸವಾಗಿತ್ತು.

ಕಡಲಿನಲ್ಲಿ ಇಂತಹ ಜೀವಿಗಳ ಮಹತ್ತ್ವ ಎಷ್ಟೆಂಬುದು 1983ರಲ್ಲಿ ಜಗತ್ತಿಗೆ ಮನವರಿಕೆಯಾಯಿತು. ಆ ವರ್ಷ ಪನಾಮಾದ ಬಳಿ ಕಾಣಿಸಿಕೊಂಡ ಒಂದು ರೋಗ ಕೆರಿಬಿಯನ್ ಸಮುದ್ರದಲ್ಲೆಲ್ಲ ಹರಡಿ, ಡಯಾಡೆಮಾ ಎಂಬ ನೀಳ ಮುಳ್ಳಿನ ಸೀ ಅರ್ಚಿನ್‌ಗಳಲ್ಲಿ ಶೇಕಡ 90ಕ್ಕೂ ಹೆಚ್ಚನ್ನು ಬಲಿ ತೆಗೆದುಕೊಂಡಿತು. ಮೇಯುವವರಿಲ್ಲದೆ ಪಾಚಿ ಕೊಬ್ಬಿತು. ಜಮೈಕಾ ಮೊದಲಾದೆಡೆ ಹವಳದ ದಿಬ್ಬಗಳನ್ನೇ ಅದು ಮುಚ್ಚಿಬಿಟ್ಟಿತು.

ಇನ್ನು, ಈ ಜೀವಿಗಳನ್ನು ಉಳಿಸಿಕೊಳ್ಳುವ ಬಗೆಯೇನು? ಮೊದಲು ಅವುಗಳ ದೇಹರಚನೆಯ ಒಂದು ವಿಶೇಷವನ್ನು ತಿಳಿಯಬೇಕು. ಸಮುದ್ರದ ನೀರಿನಲ್ಲಿ ಸಾವಿರ ಭಾಗಕ್ಕೆ ಸುಮಾರು 35 ಭಾಗ ಲವಣವಿರುತ್ತದೆ. ನಾವು ತೊಟ್ಟಿಯಲ್ಲಿ ಸಾಕುವ ಮೀನುಗಳ ದೇಹದ್ರವದಲ್ಲಿ ಲವಣ ಇದರ ಮೂರನೆಯ ಒಂದು ಪಾಲಿನಷ್ಟು ಮಾತ್ರ; ಹೆಚ್ಚಿನ ಉಪ್ಪನ್ನು ಹೊರದೂಡುವ ವ್ಯವಸ್ಥೆ ಅವುಗಳ ಕಿವಿರುಗಳಲ್ಲಿದೆ. ಬಸವನಹುಳು, ಸೀ ಅರ್ಚಿನ್‌ಗಳಿಗೆ ಅಂತಹ ಸೌಕರ್ಯವಿಲ್ಲ. ಅವುಗಳ ದೇಹದ್ರವದ ಲವಣಾಂಶ ಹೊರಗಿನ ನೀರಿನಷ್ಟೇ ಇರುತ್ತದೆ. ಆದ್ದರಿಂದ ನೀರು ಇದ್ದಕ್ಕಿದ್ದಂತೆ ತೆಳುವಾದರೆ ಅದು ಜೀವಕೋಶಗಳೊಳಕ್ಕೆ ನುಗ್ಗಿ ಅವುಗಳನ್ನು ಉಬ್ಬಿಸುತ್ತದೆ. ಉಪ್ಪು ಹೆಚ್ಚಿದರೆ ಕೋಶಗಳು ಸೊರಗುತ್ತವೆ. ಅಂಗಡಿಯ ನೀರಿಗೂ ಮನೆಯ ನೀರಿಗೂ ವ್ಯತ್ಯಾಸವಿರಬಹುದು. ತಂದ ಜೀವಿಯನ್ನು ಅದೇ ನೀರಿನೊಡನೆ ಒಂದು ಪಾತ್ರೆಯಲ್ಲಿಟ್ಟು, ಸಣ್ಣ ಕೊಳವೆಯ ಮೂಲಕ ತೊಟ್ಟಿಯ ನೀರನ್ನು ಒಂದೆರಡು ಗಂಟೆಗಳ ಕಾಲ ತೊಟ್ಟಿಕ್ಕಿಸಿ, ಅನಂತರ ತೊಟ್ಟಿಗೆ ಬಿಡುವುದು ಕ್ಷೇಮ.

ತೊಟ್ಟಿಯ ಲವಣಾಂಶ ದಿನದಿನಕ್ಕೂ ಏರುತ್ತದೆ. ನೀರು ಆವಿಯಾಗುತ್ತದೆಯೇ ಹೊರತು ಉಪ್ಪು ಆವಿಯಾಗುವುದಿಲ್ಲವಷ್ಟೆ. ಲೀಟರಿಗೆ 35 ಗ್ರಾಂ ಉಪ್ಪಿರುವ 100 ಲೀಟರ್ ನೀರಿನಲ್ಲಿ 5 ಲೀಟರ್ ಆರಿಹೋದರೆ, ಉಳಿದ ನೀರಿನಲ್ಲಿ ಲೀಟರಿಗೆ ಸುಮಾರು 37 ಗ್ರಾಂ ಉಪ್ಪು ಸೇರಿದಂತಾಯಿತು. ಈ ಕೊರತೆಯನ್ನು ಶುದ್ಧವಾದ ಸಿಹಿನೀರಿನಿಂದ, ಆಗಾಗ್ಗೆ ಸ್ವಲ್ಪ ಸ್ವಲ್ಪವಾಗಿ ತುಂಬಬೇಕು, ಉಪ್ಪುನೀರಿನಿಂದಲ್ಲ.

ಎರಡನೆಯ ಶತ್ರು ತಾಮ್ರ. ಮೀನುಗಳ ಮೈಮೇಲೆ ಬಿಳಿಯ ಚುಕ್ಕೆಗಳನ್ನೆಬ್ಬಿಸುವ ರೋಗಕ್ಕೆ ಮೈಲುತುತ್ತದಂತಹ ತಾಮ್ರದ ಲವಣಗಳು ಒಳ್ಳೆಯ ಮದ್ದು. ಆದರೆ ಮೀನನ್ನು ಬದುಕಿಸುವ ಪ್ರಮಾಣವೇ ಬಸವನಹುಳುವಿಗೆ ಮಾರಕ. ಇದರಲ್ಲೊಂದು ಸೋಜಿಗವಿದೆ: ನಮ್ಮ ರಕ್ತದಲ್ಲಿ ಆಮ್ಲಜನಕವನ್ನು ಹೊರುವುದು ಕಬ್ಬಿಣವಾದರೆ, ಬಸವನಹುಳುಗಳಲ್ಲಿ ಬಹುಪಾಲಿನ ರಕ್ತದಲ್ಲಿ ಅದೇ ಕೆಲಸವನ್ನು ಮಾಡುವುದು ತಾಮ್ರ. ಅಲ್ಲಿ ಅದು ಪ್ರೋಟೀನಿಗೆ ಬಂಧಿತವಾಗಿ ಉಪಕಾರಿಯಾಗಿರುತ್ತದೆ. ನೀರಿನಲ್ಲಿ ಬಿಡಿಯಾಗಿ ಬೆರೆತಾಗ ವಿಷವಾಗುತ್ತದೆ. ತೊಟ್ಟಿಯ ಸುಣ್ಣದ ಕಲ್ಲುಗಳು ತಾಮ್ರವನ್ನು ಹೀರಿಟ್ಟುಕೊಂಡು ಬಹುಕಾಲ ಬಿಡುತ್ತಿರುತ್ತವೆ. ಆದಕಾರಣ ರೋಗಿಯಾದ ಮೀನಿಗೆ ಬೇರೊಂದು ತೊಟ್ಟಿಯಲ್ಲಿಯೇ ಚಿಕಿತ್ಸೆ ನಡೆಯಬೇಕು.

ಮೂರನೆಯದು ಹಸಿವು. ಬಸವನಹುಳುವಿನ ನಾಲಗೆ ಸಾಲುಸಾಲು ಹಲ್ಲುಗಳುಳ್ಳ ಅರದಂತಿದ್ದು ಪಾಚಿಯನ್ನು ಕೆರೆದು ತೆಗೆಯುತ್ತದೆ. ಸೀ ಅರ್ಚಿನ್‌ಗೆ ಐದು ಹಲ್ಲುಗಳ ದವಡೆಯಿದ್ದು, ಅದಕ್ಕೆ ‘ಅರಿಸ್ಟಾಟಲನ ಲಾಂದ್ರ’ ಎಂಬ ಹೆಸರು ಬಂದಿದೆ. ಇಂತಹ ಸಾಧನಗಳುಳ್ಳ ಹತ್ತಾರು ಜೀವಿಗಳನ್ನು ಒಮ್ಮೆಗೇ ಬಿಟ್ಟರೆ ಕೆಲವೇ ದಿನಗಳಲ್ಲಿ ಗಾಜು ಫಳಫಳಿಸುತ್ತದೆ, ಒಡೆಯನಿಗೆ ಸಂತೋಷವಾಗುತ್ತದೆ. ಅವುಗಳ ಉಪವಾಸ ಆರಂಭವಾಗುವುದೂ ಅಂದಿನಿಂದಲೇ! ಹುಲ್ಲು ಮುಗಿದ ಬಯಲಿನಲ್ಲಿ ಕಟ್ಟಿಹಾಕಿದ ಹಸುವಿನ ಪಾಡು ಅವುಗಳದು. ಹಸು ಕೂಗಿ ತಿಳಿಸೀತು. ಹುಳು ಚಿಪ್ಪಿನೊಳಗೇ ಸೊರಗುತ್ತದೆ. ಮೇವನ್ನು ನೋಡಿಕೊಂಡು ಒಂದೆರಡನ್ನು ಮಾತ್ರ ತರಬೇಕು. ಪಾಚಿ ಸಾಲದಾದಾಗ ಒಣಗಿದ ಕಡಲಕಳೆಯ ಚೂರುಗಳನ್ನು ಕೊಡಬೇಕು.

ಸಣ್ಣ ಉಪಚಾರಗಳೂ ಪ್ರಾಣವನ್ನುಳಿಸುತ್ತವೆ. ಆಸ್ಟ್ರಿಯಾ ಜಾತಿಯ ಹುಳು ಮಗುಚಿ ಬಿದ್ದರೆ ತಾನಾಗಿ ಏಳಲಾರದೆ ಸಾಯುವುದುಂಟು. ಅದನ್ನು ಎತ್ತಿ ನಿಲ್ಲಿಸಬೇಕು. ಸನ್ಯಾಸಿ ಏಡಿಗೆ ಬೆಳೆದಂತೆಲ್ಲ ದೊಡ್ಡ ಚಿಪ್ಪು ಬೇಕು. ಖಾಲಿ ಚಿಪ್ಪುಗಳು ಸಿಗದಿದ್ದರೆ ಅದು ಹುಳುವನ್ನೇ ಕೊಂದು ಅದರ ಮನೆಯನ್ನು ಸೇರುವುದೂ ಉಂಟು. ಸತ್ತ ಜೀವಿಯನ್ನು ಕೂಡಲೆ ತೆಗೆಯಬೇಕು. ಕೊಳೆತ ದೇಹದಿಂದ ಹೊರಡುವ ಅಮೋನಿಯಾ ಉಳಿದವುಗಳಿಗೂ ವಿಷ.

ಹಿಂಬದಿಯ ಗಾಜಿನ ಮೇಲೆ ಸ್ವಲ್ಪ ಪಾಚಿ ಉಳಿದರೆ ಅದನ್ನು ಕೊಳೆಯೆಂದು ಉಜ್ಜಿ ತೆಗೆಯಬೇಕಾಗಿಲ್ಲ. ತೊಟ್ಟಿಯಲ್ಲಿರುವ ಮೂಕ ಜೀವಿಗಳ ನಾಳಿನ ಊಟ ಅದು.