ಯುಎಸ್‌ಬಿ ಮೈಕ್ರೊಫೋನು ಮತ್ತು ಪದಾದಿಯ ಹಕಾರ: ಉಪಭಾಷಾ ಧ್ವನಿಮುದ್ರಣಕ್ಕೆ ಗಣಕವನ್ನು ಅಣಿಗೊಳಿಸುವ ಕ್ರಮ

ಸಾರಾಂಶ

ಯುಎಸ್‌ಬಿ ಮೈಕ್ರೊಫೋನನ್ನು ಗಣಕಕ್ಕೆ ಜೋಡಿಸುವುದು ಸುಲಭ. ಆದರೆ ಗಣಕದಲ್ಲಿ ಮೊದಲೇ ಅಳವಟ್ಟಿರುವ ಧ್ವನಿ ಏರ್ಪಾಡುಗಳು ದೂರಸಂಭಾಷಣೆಯನ್ನು ಉದ್ದೇಶಿಸಿದವು, ಧ್ವನಿವಿಶ್ಲೇಷಣೆಯನ್ನಲ್ಲ. ಗದ್ದಲವೆಂದು ಯಂತ್ರ ತೆಗೆದುಹಾಕುವ ಅಂಶ ಕೆಲವೊಮ್ಮೆ ಭಾಷೆಯ ಸ್ವನಿಮಾತ್ಮಕ ಅಂಶವೇ ಆಗಿರುತ್ತದೆ. ಜಮಖಂಡಿ ತಾಲ್ಲೂಕಿನ ಸಾವಳಗಿಯಂತಹ ಊರಿನಲ್ಲಿ ಕ್ಷೇತ್ರಕಾರ್ಯ ಕೈಗೊಳ್ಳುವವರನ್ನು ಗಮನದಲ್ಲಿಟ್ಟು, ಮೈಕ್ರೊಫೋನಿನ ಜೋಡಣೆ, ಏರ್ಪಾಡು ಮತ್ತು ಪರೀಕ್ಷೆಯ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

ಮುಖ್ಯಪದಗಳು: ಕ್ಷೇತ್ರಕಾರ್ಯ, ಧ್ವನಿಮುದ್ರಣ, ಪದಾದಿಯ ಹಕಾರ, ಉತ್ತರ ಕರ್ನಾಟಕದ ಕನ್ನಡ, ಗದ್ದಲ ನಿವಾರಣೆ

1. ಪ್ರಸ್ತಾವನೆ

ಹಳಗನ್ನಡದ ‘ಪಾಡು’ ಕಾಲಕ್ರಮದಲ್ಲಿ ‘ಹಾಡು’ ಆಯಿತು. ದಕ್ಷಿಣ ಕರ್ನಾಟಕದ ಹಲವು ಗ್ರಾಮೀಣ ಉಪಭಾಷೆಗಳಲ್ಲಿ ಆ ಹಕಾರವೂ ಬಿದ್ದು ‘ಆಡು’ ಎಂಬ ರೂಪ ಬಳಕೆಗೆ ಬಂದಿದೆ. ಉತ್ತರ ಕರ್ನಾಟಕದ ಮಾತಿನಲ್ಲಿ ಪದಾದಿಯ ಹಕಾರ ಸಾಮಾನ್ಯವಾಗಿ ಉಳಿದುಕೊಂಡಿದೆ. ಹೀಗಾಗಿ ಒಂದು ಊರಿನ ಮಾತಿನಲ್ಲಿ ಹಕಾರ ಇದೆಯೇ, ಸಡಿಲಗೊಂಡಿದೆಯೇ, ಇಲ್ಲವೇ ಬಿದ್ದಿದೆಯೇ ಎಂಬ ಪ್ರಶ್ನೆ ಕನ್ನಡದ ಧ್ವನಿ ಇತಿಹಾಸಕ್ಕೆ ನೇರವಾಗಿ ಸಂಬಂಧಿಸಿದ್ದಾಗಿದೆ.

ಸಂಶೋಧಕರೊಬ್ಬರು ಸಾವಳಗಿಯ ಮನೆಯೊಂದರ ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು, ‘ಆಯಿ, ಒಂದು ಹಾಡ ಹೇಳ್ರಿ’ ಎಂದು ಕೇಳಿ ಮುದ್ರಿಸಿಕೊಂಡಿದ್ದಾರೆ ಎಂದು ಭಾವಿಸೋಣ. ಬಳಿಕ ವರ್ಣಪಟಲವನ್ನು ತೆರೆದಾಗ, ಮೌನದ ನಂತರ ಬರುವ ‘ಹಾಡು’, ‘ಹತ್ತು’, ‘ಹಲ್ಲು’ ಮುಂತಾದ ಪದಗಳು ನೇರವಾಗಿ ಸ್ವರದಿಂದಲೇ ಆರಂಭವಾಗಿರುವುದು ಕಾಣುತ್ತದೆ. ವಾಕ್ಯದ ನಡುವಿನ ಹಕಾರ ಮಾತ್ರ ಸ್ಪಷ್ಟವಾಗಿದೆ. ಇದನ್ನು ‘ವಿರಾಮದ ನಂತರ ಹಕಾರ ಲೋಪವಾಗುತ್ತದೆ’ ಎಂಬ ಸನ್ನಿವೇಶಬದ್ಧ ನಿಯಮವಾಗಿ ಬರೆದುಬಿಡುವುದು ಸುಲಭ. ನಿಯಮವೇನೋ ಅಚ್ಚುಕಟ್ಟಾಗಿದೆ, ಆದರೆ ಅದು ಸಾವಳಗಿಯ ಕನ್ನಡದ ನಿಯಮವೋ, ಗಣಕದ ಗದ್ದಲ ನಿವಾರಕ ತಂತ್ರಾಂಶದ ನಿಯಮವೋ ಎಂಬುದನ್ನು ಮೊದಲು ನಿರ್ಧರಿಸಬೇಕಾಗುತ್ತದೆ.

ಭಾರತದ ಭಾಷಾ ಸಮೀಕ್ಷೆಯ ನಾಲ್ಕನೆಯ ಸಂಪುಟ (1906) ಕನ್ನಡದ ಮಾದರಿಗಳನ್ನು ಬರಹರೂಪದಲ್ಲಿ ನೀಡಿತು. ಅಲ್ಲಿ ಬರೆದುಕೊಂಡವರ ಕಿವಿಯೇ ಸಾಧನವಾಗಿತ್ತು, ಅದರ ಮಿತಿಯೂ ಓದುಗರಿಗೆ ತಿಳಿದಿತ್ತು. ಇಂದಿನ ಡಿಜಿಟಲ್ ಮುದ್ರಣವು ನಿಷ್ಪಕ್ಷಪಾತ ಸಾಕ್ಷಿಯಂತೆ ತೋರುವುದರಿಂದ ಅದರ ಮಿತಿ ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ.

2. ಮೈಕ್ರೊಫೋನಿನೊಳಗಿನ ವ್ಯಾಪಾರ

ಯುಎಸ್‌ಬಿ ಮೈಕ್ರೊಫೋನಿನಲ್ಲಿ ಮೂರು ಘಟಕಗಳು ಒಂದೇ ಕವಚದಲ್ಲಿ ಸೇರಿರುತ್ತವೆ: ಧ್ವನಿಯ ಒತ್ತಡವನ್ನು ವಿದ್ಯುತ್ ಸಂಕೇತವಾಗಿಸುವ ಗ್ರಾಹಕ, ಆ ಸಂಕೇತವನ್ನು ಹಿಗ್ಗಿಸುವ ವರ್ಧಕ ಮತ್ತು ಅದನ್ನು ಅಂಕಿಗಳಾಗಿಸುವ ಪರಿವರ್ತಕ. ಗಣಕವನ್ನು ತಲುಪುವುದು ಅಂಕಿಗಳ ಪ್ರವಾಹ ಮಾತ್ರ. ಆದ್ದರಿಂದ ಗಣಕದ ಸ್ವಂತ ಧ್ವನಿ ಕಾರ್ಡಿನ ಗುಣಮಟ್ಟ ಮುದ್ರಣವನ್ನು ಬಾಧಿಸುವುದಿಲ್ಲ. ಯುಎಸ್‌ಬಿ ಮಾನಕ 1996ರಲ್ಲಿಯೂ ಅದರ ಧ್ವನಿ ಸಾಧನಗಳ ವರ್ಗದ ಮಾನಕ 1998ರಲ್ಲಿಯೂ ಪ್ರಕಟವಾದವು. ಈ ವರ್ಗಕ್ಕೆ ಹೊಂದುವ ಮೈಕ್ರೊಫೋನುಗಳನ್ನು ವಿಂಡೋಸ್, ಮ್ಯಾಕ್ ಮತ್ತು ಲಿನಕ್ಸ್ ವ್ಯವಸ್ಥೆಗಳು ಪ್ರತ್ಯೇಕ ಚಾಲಕ ತಂತ್ರಾಂಶವಿಲ್ಲದೆಯೇ ಗುರುತಿಸುತ್ತವೆ.

ಪರಿವರ್ತಕದ ಎರಡು ಅಳತೆಗಳು ಭಾಷಾವಿಜ್ಞಾನಿಗೆ ಮುಖ್ಯ. ಮೊದಲನೆಯದು ಮಾದರೀಕರಣ ದರ. ಸೆಕೆಂಡಿಗೆ 48,000 ಮಾದರಿಗಳನ್ನು ತೆಗೆದರೆ 24,000 ಹರ್ಟ್ಜ್‌ವರೆಗಿನ ಆವೃತ್ತಿಗಳನ್ನು ಹಿಡಿಯಬಹುದು. ಎಂದರೆ ಹಿಡಿಯಬಹುದಾದ ಗರಿಷ್ಠ ಆವೃತ್ತಿ ದರದ ಅರ್ಧದಷ್ಟು. ಸ್ವರಗಳ ಮುಖ್ಯ ಅನುರಣನಗಳು 5,000 ಹರ್ಟ್ಜ್‌ನೊಳಗೆ ಇದ್ದರೂ ‘ಸ’ದಂತಹ ಘರ್ಷಧ್ವನಿಗಳ ಶಕ್ತಿ ಅದಕ್ಕಿಂತ ಬಹಳ ಮೇಲಕ್ಕೆ ವ್ಯಾಪಿಸಿರುತ್ತದೆ. ಎರಡನೆಯದು ಬಿಟ್ ಆಳ. ಒಂದೊಂದು ಬಿಟ್ ಸುಮಾರು 6 ಡೆಸಿಬೆಲ್‌ಗಳ ವ್ಯಾಪ್ತಿಯನ್ನು ಕೊಡುವುದರಿಂದ 16 ಬಿಟ್‌ಗಳಿಗೆ ಸುಮಾರು 96 ಡೆಸಿಬೆಲ್ ದೊರೆಯುತ್ತದೆ. ಮೈಕ್ರೊಫೋನು 24 ಬಿಟ್‌ಗಳನ್ನು ಕೊಡುವಂತಿದ್ದರೆ ಮಟ್ಟವನ್ನು ತುಸು ಕೆಳಗಿಟ್ಟು ನಿಶ್ಚಿಂತೆಯಿಂದ ಮುದ್ರಿಸಬಹುದು.

ಕಡತವನ್ನು ಸಂಕುಚಿತಗೊಳಿಸದ ವೇವ್ ರೂಪದಲ್ಲಿಯೇ ಉಳಿಸಬೇಕು. ಎಂಪಿ3 ಮೊದಲಾದ ರೂಪಗಳು ಕೇಳುಗನಿಗೆ ಕೇಳಿಸದೆಂದು ಬಗೆದ ಅಂಶಗಳನ್ನು ಕೈಬಿಡುತ್ತವೆ, ಮರಳಿ ವೇವ್‌ಗೆ ಬದಲಿಸಿದರೂ ಕಳೆದದ್ದು ಬರುವುದಿಲ್ಲ. ಏಕವಾಹಿನಿಯಲ್ಲಿ 48,000 ದರ ಮತ್ತು 24 ಬಿಟ್‌ಗಳ ಮುದ್ರಣಕ್ಕೆ ಗಂಟೆಗೆ ಸುಮಾರು 518 ಮೆಗಾಬೈಟ್ ಬೇಕಾಗುತ್ತದೆ. ಇಂದಿನ ಸಂಗ್ರಹ ಸಾಧನಗಳಿಗೆ ಇದು ಹೊರೆಯಲ್ಲ.

3. ಜೋಡಣೆ ಮತ್ತು ಆಯ್ಕೆ

ಮೈಕ್ರೊಫೋನನ್ನು ಹಬ್ಬಿನ ಮೂಲಕವಲ್ಲದೆ ನೇರವಾಗಿ ಗಣಕದ ಯುಎಸ್‌ಬಿ ಕಿಂಡಿಗೆ ಸಿಕ್ಕಿಸುವುದು ಒಳ್ಳೆಯದು. ಮುದ್ರಣ ತಂತ್ರಾಂಶವನ್ನು ತೆರೆಯುವ ಮೊದಲೇ ಇದನ್ನು ಮಾಡಬೇಕು. ತಂತ್ರಾಂಶವು ತೆರೆಯುವಾಗ ಇದ್ದ ಸಾಧನಗಳ ಪಟ್ಟಿಯನ್ನಷ್ಟೇ ತೋರಿಸುವುದುಂಟು.

ವಿಂಡೋಸ್‌ನಲ್ಲಿ ಧ್ವನಿ ಏರ್ಪಾಡುಗಳ ‘ಇನ್‌ಪುಟ್’ ವಿಭಾಗದಲ್ಲಿ ಯುಎಸ್‌ಬಿ ಮೈಕ್ರೊಫೋನನ್ನು ಆರಿಸಿ, ಖಾಸಗಿತನದ ಏರ್ಪಾಡಿನಲ್ಲಿ ತಂತ್ರಾಂಶಗಳಿಗೆ ಮೈಕ್ರೊಫೋನಿನ ಅನುಮತಿ ಇದೆಯೇ ಎಂದು ನೋಡಬೇಕು. ಅದೇ ಸಾಧನದ ಗುಣಲಕ್ಷಣಗಳಲ್ಲಿ ಮಾದರೀಕರಣ ದರವನ್ನೂ ಬಿಟ್ ಆಳವನ್ನೂ ನಿಗದಿಪಡಿಸಬಹುದು. ಮ್ಯಾಕ್‌ನಲ್ಲಿ ಈ ಆಯ್ಕೆ ‘ಆಡಿಯೊ ಮಿಡಿ ಸೆಟಪ್’ ಎಂಬ ಉಪಕರಣದಲ್ಲಿದೆ. ವ್ಯವಸ್ಥೆಯ ದರ ಮತ್ತು ಮುದ್ರಣ ತಂತ್ರಾಂಶದ ದರ ಒಂದೇ ಆಗಿರಬೇಕು. ಬೇರೆಯಾದರೆ ಗಣಕ ನಡುವೆ ನಿಂತು ಮಾದರಿಗಳನ್ನು ಮರುಲೆಕ್ಕ ಹಾಕುತ್ತದೆ. ಆಡಾಸಿಟಿ ಬಳಸುವವರು ವಿಂಡೋಸ್‌ನಲ್ಲಿ ‘ವಾಸಾಪಿ’ ಎಂಬ ಮಾರ್ಗವನ್ನು ಆರಿಸುವುದು ಲೇಸು. ಪ್ರಾಟ್ ತಂತ್ರಾಂಶದಲ್ಲಿ ನೇರವಾಗಿ ಮುದ್ರಿಸುವವರು ಅದರ ಮುದ್ರಣ ಕಿಟಕಿಯಲ್ಲಿಯೇ ದರವನ್ನು ಆರಿಸಬೇಕು.

ಪಟ್ಟಿಯಲ್ಲಿ ಹೆಸರು ಕಂಡಮಾತ್ರಕ್ಕೆ ಆ ಮೈಕ್ರೊಫೋನೇ ಮುದ್ರಿಸುತ್ತಿದೆ ಎನ್ನಲಾಗದು. ಅದರ ಜಾಲರಿಯನ್ನು ಉಗುರಿನಿಂದ ಮೆಲ್ಲಗೆ ಕೆರೆದು, ಬಳಿಕ ಲ್ಯಾಪ್‌ಟಾಪಿನ ಪರದೆಯ ಅಂಚನ್ನು ಕೆರೆದು ನೋಡಬೇಕು. ಎರಡನೆಯ ಸದ್ದೇ ಜೋರಾಗಿ ಕೇಳಿದರೆ ಗಣಕ ತನ್ನ ಒಳ ಮೈಕ್ರೊಫೋನನ್ನೇ ಬಳಸುತ್ತಿದೆ ಎಂದರ್ಥ.

4. ‘ಸುಧಾರಣೆ’ಗಳ ನಿವಾರಣೆ

ದೂರಸಂಭಾಷಣೆಯಲ್ಲಿ ಮಾತು ಅರ್ಥವಾದರೆ ಸಾಕು. ಈ ಗುರಿಗಾಗಿ ಗಣಕಗಳಲ್ಲಿ ಎರಡು ಪ್ರಕ್ರಿಯೆಗಳು ಹೆಚ್ಚಾಗಿ ಚಾಲನೆಯಲ್ಲಿರುತ್ತವೆ.

ಮೊದಲನೆಯದು ಸ್ವಯಂಚಾಲಿತ ಮಟ್ಟ ನಿಯಂತ್ರಣ. ಮಾತು ನಿಂತಾಗ ಇದು ವರ್ಧನೆಯನ್ನು ಏರಿಸುತ್ತದೆ, ಮಾತು ಮರಳಿದಾಗ ಇಳಿಸುತ್ತದೆ. ಹೀಗಾಗಿ ವಿರಾಮದ ನಂತರದ ಮೊದಲ ಅಕ್ಷರ ಒಂದು ವರ್ಧನೆಯಲ್ಲಿಯೂ ಮುಂದಿನ ಅಕ್ಷರಗಳು ಇನ್ನೊಂದರಲ್ಲಿಯೂ ಮುದ್ರಿತವಾಗುತ್ತವೆ. ಇಂತಹ ಮುದ್ರಣದ ತೀವ್ರತೆಯನ್ನು ಅಳೆದು ಒತ್ತಿನ ಕುರಿತು ಹೇಳುವ ಮಾತಿಗೆ ಆಧಾರವಿರುವುದಿಲ್ಲ.

ಎರಡನೆಯದು ಗದ್ದಲ ನಿವಾರಣೆ. ಇದು ನಾದಯುಕ್ತವಾದ, ಆವರ್ತಕ ಧ್ವನಿಯನ್ನು ಮಾತೆಂದೂ ದುರ್ಬಲವಾದ, ಅನಾವರ್ತಕ ಧ್ವನಿಯನ್ನು ಗದ್ದಲವೆಂದೂ ಬಗೆಯುವ ಕಡೆಗೆ ವಾಲಿರುತ್ತದೆ. ಮೌನದ ನಂತರದ ಹಕಾರ ಉಸಿರಿನ ದುರ್ಬಲ ಘರ್ಷಣೆಯಿಂದ ಆರಂಭವಾಗುವ ಧ್ವನಿ, ಆದ್ದರಿಂದ ಅದು ಗದ್ದಲದ ಲೆಕ್ಕಕ್ಕೆ ಸೇರುವ ಸಂಭವ ಹೆಚ್ಚು. ಎರಡು ಸ್ವರಗಳ ನಡುವಿನ ಹಕಾರ ನಾದಯುಕ್ತವಾಗಿರುವುದರಿಂದ ಬಹುಮಟ್ಟಿಗೆ ಉಳಿಯುತ್ತದೆ. ಆರಂಭದಲ್ಲಿ ಹೇಳಿದ ‘ಅಚ್ಚುಕಟ್ಟಾದ ನಿಯಮ’ ಹುಟ್ಟುವ ಬಗೆ ಇದೇ.

ಅಪಾಯ ಹಕಾರಕ್ಕೆ ಮಾತ್ರ ಸೀಮಿತವಲ್ಲ. ಉತ್ತರ ಕರ್ನಾಟಕದ ಕನ್ನಡದಲ್ಲಿ ಪದಾಂತ್ಯದ ಎಕಾರ ಇಕಾರವಾಗುತ್ತದೆ: ಮನೆ–ಮನಿ, ಕತೆ–ಕತಿ, ಕತ್ತೆ–ಕತ್ತಿ. ವಾಕ್ಯದ ಕೊನೆಯಲ್ಲಿ ಕ್ಷೀಣಿಸುವ ಇಂತಹ ಇಕಾರವನ್ನು ನಿವಾರಕವು ಅರ್ಧಕ್ಕೆ ಕತ್ತರಿಸಿದರೆ ಸ್ವರದ ದೀರ್ಘತೆಯ ಅಳತೆ ತಪ್ಪುತ್ತದೆ. ‘ಕತಿ’ ಮತ್ತು ‘ಕತ್ತಿ’ಗಳ ವ್ಯತ್ಯಾಸ ಬಹುಪಾಲು ಸ್ಪರ್ಶದ ಮುಚ್ಚುಗಡೆಯ ಅವಧಿಯನ್ನು ಅವಲಂಬಿಸಿದೆ. ಮುಚ್ಚುಗಡೆಯ ಕೊನೆಯಲ್ಲಿ ಬರುವ ಕ್ಷೀಣ ಸ್ಫೋಟವನ್ನು ಯಂತ್ರ ಅಳಿಸಿದರೆ ಅವಧಿಯ ಗಡಿ ಎಲ್ಲೆಂದು ಗುರುತಿಸುವುದೇ ಕಷ್ಟವಾಗುತ್ತದೆ.

ಆದ್ದರಿಂದ ವಿಂಡೋಸ್‌ನಲ್ಲಿ ‘ಆಡಿಯೊ ಎನ್‌ಹಾನ್ಸ್‌ಮೆಂಟ್ಸ್’ ಆಯ್ಕೆಯನ್ನು ಆಫ್ ಮಾಡಬೇಕು. ಮ್ಯಾಕ್‌ನಲ್ಲಿ ಮೈಕ್ರೊಫೋನಿನ ವಿಧಾನ ‘ವಾಯ್ಸ್ ಐಸೋಲೇಶನ್’ನಲ್ಲಿದ್ದರೆ ಅದನ್ನು ‘ಸ್ಟ್ಯಾಂಡರ್ಡ್’ಗೆ ತರಬೇಕು. ಲ್ಯಾಪ್‌ಟಾಪ್ ಅಥವಾ ಮೈಕ್ರೊಫೋನಿನ ತಯಾರಕರು ಅಳವಡಿಸಿದ ಪ್ರತ್ಯೇಕ ತಂತ್ರಾಂಶಗಳಲ್ಲಿಯೂ ಇಂತಹ ಆಯ್ಕೆಗಳು ಅಡಗಿರುತ್ತವೆ. ಅವುಗಳನ್ನೂ ತೆರೆದು ನೋಡಬೇಕು. ವಿಡಿಯೊ ಕರೆಯ ತಂತ್ರಾಂಶಗಳನ್ನು ಮುದ್ರಣದ ವೇಳೆ ಮುಚ್ಚಿರುವುದು ಕ್ಷೇಮ.

5. ಸ್ಥಳ, ದೂರ, ಮಟ್ಟ

ನಿವಾರಕವನ್ನು ನಿಲ್ಲಿಸಿದ ಮೇಲೆ ಗದ್ದಲವನ್ನು ಮೂಲದಲ್ಲಿಯೇ ತಗ್ಗಿಸುವ ಹೊಣೆ ಸಂಶೋಧಕರದಾಗುತ್ತದೆ. ರಬಕವಿ–ಬನಹಟ್ಟಿಯ ವಿದ್ಯುತ್ ಮಗ್ಗಗಳ ನೆರೆಯಲ್ಲಿ, ಇಲ್ಲವೇ ಕಬ್ಬಿನ ಹಂಗಾಮಿನಲ್ಲಿ ಹಾಡು ಹಚ್ಚಿಕೊಂಡು ಸಾಗುವ ಟ್ರ್ಯಾಕ್ಟರುಗಳ ದಾರಿಯ ಬದಿಯಲ್ಲಿ ಮುದ್ರಣಕ್ಕೆ ಕುಳಿತರೆ ಯಾವ ಏರ್ಪಾಡೂ ನೆರವಾಗದು. ತಗಡಿನ ಮಾಡು ಮತ್ತು ಬರಿಯ ಸಿಮೆಂಟ್ ಗೋಡೆಗಳ ಕೋಣೆಗಿಂತ ಕಾಳಿನ ಚೀಲ, ಹಾಸಿಗೆಗಳಿರುವ ಒಳಕೋಣೆ ಉತ್ತಮ. ಮಾತನಾಡುವವರ ಹಿಂದೆ ಮತ್ತು ಬದಿಗೆ ಹಗ್ಗ ಕಟ್ಟಿ ಎರಡು ದಪ್ಪ ಕೌದಿಗಳನ್ನು ಇಳಿಬಿಟ್ಟರೆ ಪ್ರತಿಧ್ವನಿ ಗಮನಾರ್ಹವಾಗಿ ತಗ್ಗುತ್ತದೆ. ಫ್ಯಾನು ನಿಲ್ಲಿಸುವ ಮುನ್ನ ಮನೆಯವರನ್ನು ಕೇಳಬೇಕು. ಬೇಸಿಗೆಯಲ್ಲಿ ಹತ್ತು ಹತ್ತು ನಿಮಿಷಗಳ ತುಣುಕುಗಳಾಗಿ ಮುದ್ರಿಸಿ ನಡುವೆ ಬಿಡುವು ಕೊಡುವುದು ಹಿರಿಯರಿಗೂ ಹಿತ, ಮುದ್ರಣಕ್ಕೂ ಹಿತ.

ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿಯೇ ನಡೆಸಬೇಕು. ಚಾರ್ಜರ್ ಸಿಕ್ಕಿಸಿದಾಗ ವಿದ್ಯುತ್ ಪೂರೈಕೆಯ 50 ಹರ್ಟ್ಜ್ ಗುಂಯ್‌ಗಾರವೂ ಅದರ 100, 150 ಹರ್ಟ್ಜ್ ಗುಣಕಗಳೂ ಮುದ್ರಣದಲ್ಲಿ ನುಸುಳಬಹುದು. ಗಂಡಸರ ದನಿಯ ಮೂಲ ಆವೃತ್ತಿ 100 ಹರ್ಟ್ಜ್‌ನ ಆಸುಪಾಸಿನಲ್ಲಿರುವುದು ಸಾಮಾನ್ಯವಾದ್ದರಿಂದ ಶ್ರುತಿಯ ಗಣನೆಯೇ ದಾರಿ ತಪ್ಪಬಹುದು.

ಮೈಕ್ರೊಫೋನು ಬಾಯಿಯಿಂದ 15ರಿಂದ 20 ಸೆಂಟಿಮೀಟರ್ ದೂರದಲ್ಲಿ, ಉಸಿರಿನ ನೇರ ದಾರಿಯಿಂದ ತುಸು ಓರೆಯಾಗಿರಲಿ. ಹಲವು ಯುಎಸ್‌ಬಿ ಮೈಕ್ರೊಫೋನುಗಳು ತುದಿಯಿಂದಲ್ಲ, ಬದಿಯಿಂದ ಧ್ವನಿಯನ್ನು ಗ್ರಹಿಸುತ್ತವೆ. ಮುಂಬದಿ ಯಾವುದೆಂದು ಮೊದಲೇ ತಿಳಿದಿರಬೇಕು. ಏಕದಿಕ್ಕಿನ ಮೈಕ್ರೊಫೋನನ್ನು ತೀರ ಹತ್ತಿರ ತಂದರೆ ಕೆಳ ಆವೃತ್ತಿಗಳು ಅಸಹಜವಾಗಿ ಉಬ್ಬುತ್ತವೆ. ದೂರ ಇಮ್ಮಡಿಯಾದರೆ ನೇರ ಧ್ವನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಆದಕಾರಣ ಎಲ್ಲ ಮಾತುಗಾರರಿಗೂ ಒಂದೇ ದೂರವನ್ನು ಕಾಯ್ದುಕೊಳ್ಳಬೇಕು.

ಮಟ್ಟವನ್ನು ಪದಪಟ್ಟಿ ಓದಿಸಿ ನಿಗದಿಪಡಿಸಬಾರದು. ಮಾತುಗಾರರು ನಗುವಾಗ, ಹಾಡು ಹೇಳುವಾಗ ದನಿ ಏರುತ್ತದೆ. ಅತಿ ಜೋರಾದ ದನಿ ಪೂರ್ಣ ಮಟ್ಟಕ್ಕಿಂತ 12 ಡೆಸಿಬೆಲ್ ಕೆಳಗೆ ನಿಲ್ಲುವಂತೆ ಹೊಂದಿಸಿ, ಬಳಿಕ ಮೈಕ್ರೊಫೋನಿನ ಗುಂಡಿಯನ್ನಾಗಲಿ ಗಣಕದ ಜಾರುಪಟ್ಟಿಯನ್ನಾಗಲಿ ಮುಟ್ಟಬಾರದು. ಪೂರ್ಣ ಮಟ್ಟವನ್ನು ದಾಟಿ ತುದಿ ಕತ್ತರಿಸಿದ ಅಲೆಯ ಮೂಲರೂಪವನ್ನು ನಂಬಿಕೆಯಿಂದ ಮರಳಿ ಪಡೆಯಲು ಸಾಧ್ಯವಿಲ್ಲ.

6. ಮುದ್ರಣಪೂರ್ವ ಪರೀಕ್ಷೆ

ಏರ್ಪಾಡು ಸರಿಯಿದೆಯೆಂದು ಪರದೆ ಹೇಳಿದರೂ ವರ್ಣಪಟಲವನ್ನೇ ಕೇಳಬೇಕು. ಕೆಳಗಿನ ನಾಲ್ಕು ಪರೀಕ್ಷೆಗಳಿಗೆ ಐದು ನಿಮಿಷ ಸಾಕು.

ಒಂದು: ಹತ್ತು ಸೆಕೆಂಡು ಬರಿಯ ಕೋಣೆಯ ಮೌನವನ್ನು ಮುದ್ರಿಸಬೇಕು. ನಿಜವಾದ ಕೋಣೆಯಲ್ಲಿ ಸಂಪೂರ್ಣ ಶೂನ್ಯವಿರುವುದಿಲ್ಲ. ಅಲೆ ಸಮತಟ್ಟಾದ ಶೂನ್ಯರೇಖೆಯಾಗಿದ್ದರೆ ನಿವಾರಕ ಇನ್ನೂ ಕೆಲಸ ಮಾಡುತ್ತಿದೆ ಅಥವಾ ಸಂಕೇತವೇ ಬರುತ್ತಿಲ್ಲ.

ಎರಡು: ಒಂದು ವಾಕ್ಯವನ್ನು ಜೋರಾಗಿ ಹೇಳಿ ಸುಮ್ಮನಾಗಬೇಕು. ಮಾತು ನಿಂತ ಬಳಿಕ ಹಿನ್ನೆಲೆಯ ಸದ್ದು ಕ್ರಮೇಣ ಏರಿದರೆ ಸ್ವಯಂಚಾಲಿತ ಮಟ್ಟ ನಿಯಂತ್ರಣ ಚಾಲನೆಯಲ್ಲಿದೆ.

ಮೂರು: ‘ಸ್’ ಧ್ವನಿಯನ್ನು ಐದು ಸೆಕೆಂಡು ಎಳೆಯಬೇಕು. ವರ್ಣಪಟಲ 8,000 ಹರ್ಟ್ಜ್‌ನಲ್ಲಿ ಗೆರೆ ಕೊರೆದಂತೆ ನಿಂತಿದ್ದರೆ, ಕಡತ 48,000 ಎಂದು ಹೇಳಿಕೊಂಡರೂ ದಾರಿಯಲ್ಲೆಲ್ಲೋ ಧ್ವನಿ 16,000 ದರದಲ್ಲಿ ಹಾದುಬಂದಿದೆ. ಬ್ಲೂಟೂತ್ ಹೆಡ್‌ಸೆಟ್ ಜೋಡಣೆಯಾಗಿ ಅದರ ಮೈಕ್ರೊಫೋನೇ ಆಯ್ಕೆಯಾಗಿರುವುದು ಇದಕ್ಕೆ ಸಾಮಾನ್ಯ ಕಾರಣಗಳಲ್ಲೊಂದು.

ನಾಲ್ಕು: ಸಂಶೋಧಕರು ಸ್ವತಃ ‘ಹಾಡು–ಆಡು’, ‘ಹತ್ತು–ಅತ್ತು’ ಎಂಬ ಕನಿಷ್ಠ ಜೋಡಿಗಳನ್ನು ಪ್ರತಿ ಪದಕ್ಕೂ ಮುನ್ನ ಎರಡು ಸೆಕೆಂಡು ಮೌನವಿಟ್ಟು, ಮೊದಲು ಸಹಜ ದನಿಯಲ್ಲಿ, ಬಳಿಕ ಮೆಲುದನಿಯಲ್ಲಿ ಹೇಳಬೇಕು. ಹಕಾರವನ್ನು ಬೇಕೆಂದೇ ಉಚ್ಚರಿಸಿದಾಗಲೂ ಅದು ಪಟಲದಲ್ಲಿ ಕಾಣದಿದ್ದರೆ ದೋಷ ಯಂತ್ರದ್ದು. ಕಂಡರೆ ಮಾತ್ರ ಮಾತುಗಾರರ ಹಕಾರದ ಬಗೆಗೆ ಮಾತನಾಡುವ ಅಧಿಕಾರ ಬರುತ್ತದೆ.

ಈ ಪರೀಕ್ಷೆಗಳ ಕಡತಗಳನ್ನು ಅಳಿಸದೆ ಮೂಲ ಸಾಮಗ್ರಿಯೊಂದಿಗೇ ಸಂಗ್ರಹಿಸಬೇಕು. ಮೈಕ್ರೊಫೋನಿನ ಮಾದರಿ, ದರ, ಬಿಟ್ ಆಳ, ಎರಡೂ ಮಟ್ಟಗಳು, ಬಾಯಿಯಿಂದಿದ್ದ ದೂರ, ನಿಲ್ಲಿಸಿದ ಸುಧಾರಣೆಗಳು, ದಿನಾಂಕ ಮತ್ತು ಸ್ಥಳ, ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದಿಡಬೇಕು. ಮಾತುಗಾರರನ್ನು ಸಂಖ್ಯೆಯಿಂದ ಗುರುತಿಸಿ, ಅವರ ಒಪ್ಪಿಗೆಯನ್ನು ಅವರದೇ ಮಾತಿನಲ್ಲಿ ಪ್ರತ್ಯೇಕ ಕಡತವಾಗಿ ಮುದ್ರಿಸಿಕೊಳ್ಳುವುದು ಉಚಿತ.

7. ಉಪಸಂಹಾರ

ಉಪಭಾಷಾ ಅಧ್ಯಯನದಲ್ಲಿ ಲೋಪವನ್ನು ಸಾಧಿಸುವುದು ಇರುವಿಕೆಯನ್ನು ಸಾಧಿಸುವುದಕ್ಕಿಂತ ಕಠಿಣ. ಪಟಲದಲ್ಲಿ ಹಕಾರ ಕಂಡರೆ ಅದು ಉಚ್ಚರಿತವಾಗಿದೆ ಎನ್ನಲು ಅಡ್ಡಿಯಿಲ್ಲ. ಕಾಣದಿದ್ದರೆ ಅದು ಮಾತುಗಾರರ ಬಾಯಲ್ಲಿಯೇ ಬಿದ್ದಿತೋ, ಕೋಣೆಯ ಗದ್ದಲದಲ್ಲಿ ಮುಳುಗಿತೋ, ಗಣಕದಲ್ಲಿ ಅಳಿಯಿತೋ ಎಂಬ ಮೂರು ಸಾಧ್ಯತೆಗಳು ಉಳಿಯುತ್ತವೆ. ಮೇಲೆ ವಿವರಿಸಿದ ಕ್ರಮವು ಮೂರನೆಯದನ್ನು ತಳ್ಳಿಹಾಕಲೂ ಎರಡನೆಯದನ್ನು ಅಳೆಯಲೂ ನೆರವಾಗುತ್ತದೆ. ಹಾಗೆ ಮಾಡಿದ ಮೇಲೆಯೂ ಸಾವಳಗಿಯ ಯಾವುದಾದರೂ ತಲೆಮಾರಿನ ಮಾತಿನಲ್ಲಿ ಹಕಾರ ಕಾಣದೆಹೋದರೆ, ಅದನ್ನು ಕನ್ನಡದ ಧ್ವನಿ ಇತಿಹಾಸದ ಸಂಗತಿಯೆಂದು ಅಂಜಿಕೆಯಿಲ್ಲದೆ ಬರೆಯಬಹುದು.